ಇಲ್ಲದ ದ್ವೀಪಕ್ಕೊಬ್ಬ ಶಾನುಭೋಗ

ಕಡಲಸೀಮೆ ನಮ್ಮ ದೇಶ. ಅರಬ್ಬೀ ಸಮುದ್ರದ ನಡುವೆ, ಲಕ್ಷದ್ವೀಪದಿಂದ ಪಶ್ಚಿಮಕ್ಕೆ ತುಂಬಾ ದೂರದಲ್ಲಿದೆ. ಹಾಗಂತ ನಾವೊಂದಷ್ಟು ಜನ ಒಪ್ಪಿಕೊಂಡಿದ್ದೇವೆ. ದೋಣಿ ಕಟ್ಟಿಕೊಂಡು ಹೋದರೆ ಅಲ್ಲಿ ಬರೀ ಉಪ್ಪುನೀರು. ಆದರೆ ಅದಕ್ಕೆ ನಕ್ಷೆ ಇದೆ, ಸಂವಿಧಾನ ಇದೆ, ಸಭೆ ಇದೆ, ನಡಾವಳಿ ಪುಸ್ತಕ ಇದೆ. ನೀರಿನ ಜಗಳವೂ ಇದೆ.

ಮೈಸೂರು ಮತ್ತು ಮಂಡ್ಯ ಕಡೆಯ ಕೆಲವರು ಸೇರಿ 2021ರ ಕೊನೆಗೆ ಇದನ್ನು ಶುರು ಮಾಡಿದೆವು. ನಾನು ಮೈಸೂರಿನಲ್ಲಿ ಒಬ್ಬ ಸಿವಿಲ್ ಎಂಜಿನಿಯರ್ ಹತ್ತಿರ ಡ್ರಾಯಿಂಗ್ ಕೆಲಸ ಮಾಡುತ್ತೇನೆ. ಊರು ಮಂಡ್ಯದ ಹತ್ತಿರ. ಮೇಲುಕೋಟೆ ಕಡೆಯ ನಿವೃತ್ತ ಚರಿತ್ರೆ ಮೇಷ್ಟ್ರು, ಮೈಸೂರಿನಲ್ಲಿ ಲಾ ಓದುತ್ತಿದ್ದ ಒಬ್ಬ ಹುಡುಗಿ, ಕಬ್ಬು ಬೆಳೆಯುವ ಮನೆಯಿಂದ ಬಂದ ಮದ್ದೂರಿನ ಹುಡುಗ, ಕುವೆಂಪುನಗರದ ಒಬ್ಬ ಅಕ್ಕ, ಇವರು ಮೊದಲಿಂದಲೂ ಇದ್ದವರು. ಆಮೇಲೆ ಇನ್ನೂ ಎಷ್ಟೋ ಜನ ಬಂದರು, ಕೆಲವರು ಹೋದರು. ಎಲ್ಲವೂ ನಡೆಯುವುದು ಡಿಸ್ಕಾರ್ಡ್ ಎಂಬ ಗುಂಪುಮಾತಿನ ಆ್ಯಪ್‌ನಲ್ಲಿ ಮತ್ತು ಗೂಗಲ್ ಶೀಟ್‌ಗಳಲ್ಲಿ. ಹೆಚ್ಚಿನವರು ಒಬ್ಬರನ್ನೊಬ್ಬರು ಎದುರಿಗೆ ನೋಡಿಲ್ಲ.

ಇಂಥ ಹವ್ಯಾಸ ಜಗತ್ತಿಗೆ ಹೊಸದಲ್ಲ. 1979ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ 14 ವರ್ಷದ ಹುಡುಗನೊಬ್ಬ ತನ್ನ ಮಲಗುವ ಕೋಣೆಯನ್ನೇ ಟಲೋಸಾ ಎಂಬ ರಾಜ್ಯ ಅಂತ ಸಾರಿದ. ಅದಕ್ಕೊಂದು ಭಾಷೆಯನ್ನೂ ಕಟ್ಟಿದ. ಇಂಟರ್ನೆಟ್ ಬಂದ ಮೇಲೆ ಬೇರೆ ಬೇರೆ ಕಡೆಯ ಜನ ಅದರ ಪ್ರಜೆಗಳಾದರು. ಇಂಗ್ಲೆಂಡಿನ ಕಡಲ ತೀರದಾಚೆ ಯುದ್ಧಕಾಲದ ಒಂದು ಹಳೆ ಕಟ್ಟೋಣ ಇದೆ. 1967ರಲ್ಲಿ ರಾಯ್ ಬೇಟ್ಸ್ ಎಂಬಾತ ಅದನ್ನೇ ಸೀಲ್ಯಾಂಡ್ ಎಂಬ ದೇಶ ಅಂತ ಘೋಷಿಸಿದ. ಆ ದಾರಿ ಬೇರೆ. ಅವರಿಗೆ ನಿಜವಾದ ದೇಶ ಅನ್ನಿಸಿಕೊಳ್ಳುವ ಹಂಬಲ. ನಮಗೆ ಯಾರ ಮಾನ್ಯತೆಯೂ ಬೇಡ. ನಮಗೆ ಬೇಕಿದ್ದದ್ದು ಒಂದು ದೇಶ ಮೊದಲಿಂದ ಹೇಗೆ ಕೂಡಿಬರುತ್ತದೆ ಅಂತ ನಾವೇ ಮಾಡಿ ನೋಡುವುದು. ಅದನ್ನು ಕನ್ನಡದಲ್ಲೇ ಮಾಡಬೇಕು ಅನ್ನುವುದು ನನ್ನ ಹಟ. ಕಾಯ್ದೆ, ತಿದ್ದುಪಡಿ, ಆಕ್ಷೇಪಣೆ, ಮತ, ಎಲ್ಲ ನಮ್ಮ ಮಾತಿನಲ್ಲೇ ಆಗಬೇಕು. ಇಂಗ್ಲಿಷ್ ಬರದವರು ಹಿಂದೆ ಕೂರುವ ದೇಶ ನಮಗೆ ಬೇಡ ಅನ್ನಿಸಿತ್ತು.

ನಕ್ಷೆಯಿಂದ ಶುರು ಮಾಡಿದೆವು. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ನಾನೇ ಬಿಡಿಸಿದೆ. ಮೊದಲ ಪ್ರಶ್ನೆ, ಎಷ್ಟು ದೊಡ್ಡದು? ಮಂಡ್ಯ ಜಿಲ್ಲೆಯ ವಿಸ್ತೀರ್ಣ ಸುಮಾರು 4,960 ಚದರ ಕಿಲೋಮೀಟರ್. ಮಾರಿಷಸ್ ಸುಮಾರು 2,040. ಮಾರಿಷಸ್ ಅಳತೆಯೇ ಸಾಕು ಅಂತಾಯಿತು. ಅದೂ ಜ್ವಾಲಾಮುಖಿಯಿಂದ ಎದ್ದ ದ್ವೀಪ, ಅಲ್ಲೂ ಕಬ್ಬು ಬೆಳೆಯುತ್ತಾರೆ. ಎಲ್ಲಿ ಇಡಬೇಕು ಅನ್ನುವುದನ್ನು ಲಾ ಓದುವ ಹುಡುಗಿ ತೀರ್ಮಾನ ಮಾಡಿದಳು. 1982ರ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ಒಂದು ದೇಶದ ಆರ್ಥಿಕ ವಲಯ, ಅಂದರೆ ಕಡಲಿನ ಸಂಪತ್ತಿನ ಮೇಲೆ ಅದಕ್ಕೆ ಹಕ್ಕಿರುವ ಜಾಗ, ದಡದಿಂದ 200 ನಾಟಿಕಲ್ ಮೈಲಿವರೆಗೆ ಇರಬಹುದು. ಲಕ್ಷದ್ವೀಪದಿಂದ ಹೊರಟ 200, ನಮ್ಮ ದಡದಿಂದ ಹೊರಟ 200, ಒಂದರ ಮೇಲೊಂದು ಬೀಳಬಾರದು. ಹಾಗಾಗಿ 400 ನಾಟಿಕಲ್ ಮೈಲಿಗಿಂತ ಆಚೆ, ಅಂದರೆ 740 ಕಿಲೋಮೀಟರ್ ದಾಟಿ ಇಟ್ಟೆವು. "ಗಡಿ ಜಗಳ ಒಂದು ತಪ್ಪಿತು" ಅಂದಳು. ಒಳಗಿನ ಜಗಳ ಎಷ್ಟು ದೊಡ್ಡದಾಗುತ್ತದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ.

ಇಲ್ಲದ ನಾಡಿನ ನಕ್ಷೆ ಬರೆಯಲು ಹೊರಟವರಿಗೆ ಒಂದು ಮಾತು ಹೇಳಲೇಬೇಕು. ಎತ್ತರದ ಗೆರೆಗಳು ಮೊದಲು, ಹೊಳೆ ಆಮೇಲೆ, ಊರು ಕೊನೆಗೆ. ತುಂಬಾ ಜನ ಊರುಗಳನ್ನು ಚೆಲ್ಲಿ ಆಮೇಲೆ ಹೊಳೆ ಎಳೆಯುತ್ತಾರೆ. ಆಗ ನೀರು ಗುಡ್ಡ ಹತ್ತಬೇಕಾಗುತ್ತದೆ. ನಮ್ಮ ದ್ವೀಪಕ್ಕೆ ಉತ್ತರದಿಂದ ದಕ್ಷಿಣಕ್ಕೆ ಒಂದು ಬೆಟ್ಟಸಾಲು ಕೊಟ್ಟೆವು. ಮುಂಗಾರು ಬರುವುದು ನೈಋತ್ಯದಿಂದ. ಹಾಗಾಗಿ ಪಡುಸೀಮೆಯಲ್ಲಿ ಭಾರೀ ಮಳೆ, ಬೆಟ್ಟದ ಬೆನ್ನಿಗಿರುವ ಮೂಡುಸೀಮೆಯಲ್ಲಿ ಮಳೆ ಕಡಿಮೆ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೊಡಗಿನಲ್ಲಿ ಸುರಿಯುವ ಮಳೆ ಎಷ್ಟು, ಮಂಡ್ಯಕ್ಕೆ ಬರುವ ವರ್ಷದ 700 ಮಿಲಿಮೀಟರ್ ಆಸುಪಾಸಿನ ಮಳೆ ಎಷ್ಟು ಅಂತ ನೋಡುತ್ತಲೇ ಬೆಳೆದವರು ನಾವು.

ದ್ವೀಪದ ಮುಖ್ಯ ಹೊಳೆಗೆ ಬಿಳಿಹೊಳೆ ಅಂತ ಹೆಸರಿಟ್ಟೆವು. ಅದು ಎರಡಾಗಿ ಒಡೆದು ಒಂದು ಪಶ್ಚಿಮದ ಕಡಲಿಗೆ, ಇನ್ನೊಂದು ಪೂರ್ವದ ಕಡಲಿಗೆ ಸೇರಬೇಕು ಅನ್ನುವುದು ಮದ್ದೂರಿನ ಹುಡುಗನ ಆಸೆ. ಹೊಳೆಗಳು ಕೂಡಿಕೊಳ್ಳುತ್ತ ಹೋಗುತ್ತವೆ, ಹಾಗೆ ಒಡೆಯುವುದಿಲ್ಲ ಅಂದೆ. "ಏನಣ್ಣ, ಶ್ರೀರಂಗಪಟ್ಟಣದಲ್ಲಿ ಕಾವೇರಿ ಒಡೆಯಲ್ವಾ? ಶಿವನಸಮುದ್ರದಲ್ಲಿ ಒಡೆಯಲ್ವಾ?" ಅಂತ ಕೇಳಿದ. ಒಳ್ಳೆ ಪ್ರಶ್ನೆ. ಒಡೆಯುತ್ತದೆ, ಆದರೆ ನಡುಗಡ್ಡೆಯನ್ನು ಬಳಸಿಕೊಂಡು ಹೋಗಿ ಮತ್ತೆ ಒಂದಾಗುತ್ತದೆ. ಎರಡು ಬೇರೆ ಬೇರೆ ಕಡಲಿಗೆ ಹೋಗುವುದಿಲ್ಲ. ಕೊನೆಗೆ ಬಿಳಿಹೊಳೆಯ ನಡುವೆ ಒಂದು ನಡುಗಡ್ಡೆ ಬಿಡಿಸಿ ಅದನ್ನೇ ರಾಜಧಾನಿ ಮಾಡಿದೆವು. ಹೊಳೆ ಹುಟ್ಟುವುದು ಬೆಟ್ಟಸಾಲಿನ ಮೇಲ್ಕಣಿವೆಯಲ್ಲಿ. ಆ ಕಣಿವೆ ಸೇರಿರುವುದು ಪಡುಸೀಮೆಗೆ. ಹೊಳೆ ಹರಿಯುವುದು ಪೂರ್ವಕ್ಕೆ. ಈ ಒಂದು ಗೆರೆಯಿಂದ ಮುಂದಿನದೆಲ್ಲ ಹುಟ್ಟಿತು.

ದೇಶ ಅಂದರೆ ಏನೇನು ಇರಬೇಕು ಅನ್ನುವ ಚರ್ಚೆ ದಿನಗಟ್ಟಲೆ ನಡೆಯಿತು. 1933ರ ಮಾಂಟೆವಿಡಿಯೋ ಒಪ್ಪಂದ ನಾಲ್ಕು ಹೇಳುತ್ತದೆ. ನೆಲೆನಿಂತ ಜನ, ಗೊತ್ತಾದ ನೆಲ, ಸರ್ಕಾರ, ಬೇರೆ ದೇಶಗಳೊಂದಿಗೆ ವ್ಯವಹರಿಸುವ ಶಕ್ತಿ. ಮೇಷ್ಟ್ರು ಮಾತ್ರ ನಮ್ಮೂರಲ್ಲೇ ಇನ್ನೂ ಹಳೆಯದು ಇದೆ ಅಂತ ಪಟ್ಟು ಹಿಡಿದರು. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ಸಿಕ್ಕಿದ್ದು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ. 1909ರಲ್ಲಿ ಅವರು ಅದನ್ನು ಅಚ್ಚು ಮಾಡಿಸಿದರು. ಅದರಲ್ಲಿ ರಾಜ್ಯಕ್ಕೆ ಏಳು ಅಂಗ. ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ. ನಾವು ಈ ಏಳನ್ನೂ ಒಂದೊಂದಾಗಿ ಹಿಡಿದು ನೋಡಿದೆವು. ಸೈನ್ಯ ನಮಗೆ ಬೇಕಿಲ್ಲ. ದುಡ್ಡೂ ಬೇಡ ಅಂತಾಯಿತು. ನೋಟು ಮುದ್ರಿಸುವ ಪ್ರೆಸ್ ಇರುವ ಊರಿನಲ್ಲಿ ಕೂತು ನಾವೂ ನೋಟು ಬಿಡಿಸಬೇಕು ಅಂತ ಹುಡುಗರಿಗೆ ಆಸೆ ಇತ್ತು. ಆದರೆ ಕೂಡಿಡುವ ವಸ್ತು ಬಂದರೆ ಆಟವೆಲ್ಲ ಅದರ ಹಿಂದೆಯೇ ಓಡುತ್ತದೆ. ಖಜಾನೆ ಅಂದರೆ ವರ್ಷದ ಆಯವ್ಯಯದ ಒಂದು ಶೀಟ್ ಅಷ್ಟೇ. ಅದನ್ನು ಕುವೆಂಪುನಗರದ ಅಕ್ಕ ನೋಡಿಕೊಳ್ಳುತ್ತಾರೆ.

ಜನ ಅನ್ನುವುದರಲ್ಲಿ ಎರಡು ಬಗೆ. ಕಾಗದದ ಜನ ನಾಲ್ಕು ಲಕ್ಷ. ನಿಜವಾದ ಪ್ರಜೆಗಳು ನಾವು, ಡಿಸ್ಕಾರ್ಡ್‌ನಲ್ಲಿ ಇರುವವರು. ಒಬ್ಬೊಬ್ಬರಿಗೂ ಒಂದೊಂದು ಹೋಬಳಿ. ಆ ಹೋಬಳಿಯ ಊರು, ಬೆಳೆ, ಜಾತ್ರೆ, ಶಾಲೆ ಎಲ್ಲ ಅವರೇ ಬರೆಯಬೇಕು. ಸಭೆಯಲ್ಲಿ ಅದರ ಪರವಾಗಿ ಅವರೇ ಮಾತಾಡಬೇಕು. ನಮ್ಮ ಒಂದು ತಿಂಗಳು ದ್ವೀಪಕ್ಕೆ ಒಂದು ವರ್ಷ.

ಮೊದಲ ಚುನಾವಣೆಯಲ್ಲೇ ತೊಂದರೆ ಬಂತು. ಮತದಾನಕ್ಕೆ ಸ್ವಲ್ಪ ಮುಂಚೆ ಹೊಸ ಪ್ರಜೆಗಳು ಸಾಲಾಗಿ ಸೇರಿದರು. ಎಲ್ಲರೂ ಒಂದೇ ರೀತಿ ಬರೆಯುತ್ತಿದ್ದರು, ಕಾಗುಣಿತದ ತಪ್ಪೂ ಒಂದೇ. ಒಬ್ಬನೇ ಹಲವು ಖಾತೆ ತೆರೆದು ಬಂದಿದ್ದ. ನಮ್ಮ ಮೈಸೂರಿನ ಬಣ್ಣ ಮತ್ತು ಅರಗು ಕಾರ್ಖಾನೆ 1937ರಲ್ಲಿ ಶುರುವಾದದ್ದು. 1962ರ ಚುನಾವಣೆಯಿಂದ ಇಡೀ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ಅಲ್ಲೇ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಹತ್ತಿದರೆ ವಾರಗಟ್ಟಲೆ ಹೋಗುವುದಿಲ್ಲ. ಬೆರಳೇ ಕಾಣದ ಕಡೆ ಶಾಯಿ ಎಲ್ಲಿ ಹಚ್ಚುವುದು? ಆಧಾರ್ ತೋರಿಸಿ ಅಂತ ಕೇಳೋಣ ಅಂದವರೂ ಇದ್ದರು. ನಾನು ಗಟ್ಟಿಯಾಗಿ ಬೇಡ ಅಂದೆ. ಆಟದ ದೇಶಕ್ಕೆ ನಿಜವಾದ ಜನರ ದಾಖಲೆ ಕೂಡಿಡುವುದು ತಪ್ಪು. ಅದು ಸೋರಿಹೋದರೆ ಯಾರು ಜವಾಬ್ದಾರಿ? ಆಮೇಲೆ ಸಾಕ್ಷಿ ಪದ್ಧತಿ ತಂದೆವು. ಹೊಸದಾಗಿ ಬರುವವರ ಜೊತೆ ಹಳೆಯ ಪ್ರಜೆಗಳಿಬ್ಬರು ಫೋನಿನಲ್ಲಿ ಮಾತಾಡಬೇಕು. ಆಮೇಲೆ "ಇವರು ಬೇರೆ ಮನುಷ್ಯರು ಹೌದು" ಅಂತ ಇಬ್ಬರೂ ಬರೆದುಕೊಡಬೇಕು. ಪ್ರಜೆಯಾದ ಮೇಲೂ ದ್ವೀಪದ ಎರಡು ವರ್ಷ ಮತ ಇಲ್ಲ. ಅಷ್ಟರಲ್ಲಿ ಮನುಷ್ಯ ಗೊತ್ತಾಗುತ್ತಾನೆ. ನಿಧಾನದ ದಾರಿ, ಆದರೆ ಇವತ್ತಿನವರೆಗೂ ಗಟ್ಟಿಯಾಗಿ ನಿಂತಿದೆ.

ಮತ ಎಣಿಸುವ ರೀತಿಯನ್ನು ವಿಧಾನ ಪರಿಷತ್ತಿನಿಂದ ತಂದೆವು. ಮೇಷ್ಟ್ರು ಎಷ್ಟೋ ವರ್ಷ ಶಿಕ್ಷಕರ ಕ್ಷೇತ್ರದಲ್ಲಿ ಮತ ಹಾಕಿದವರು. ನೇರಳೆ ಸ್ಕೆಚ್ ಪೆನ್ನಿನಲ್ಲಿ 1, 2, 3 ಅಂತ ಬರೆಯುವ ಪ್ರಾಶಸ್ತ್ಯದ ಮತ ಅವರಿಗೆ ಚೆನ್ನಾಗಿ ಗೊತ್ತು. ಯಾರಿಗೂ ಅರ್ಧಕ್ಕಿಂತ ಜಾಸ್ತಿ ಬರದಿದ್ದರೆ ಕೊನೆಯಲ್ಲಿರುವವರನ್ನು ತೆಗೆದು, ಅವರ ಮತಪತ್ರದಲ್ಲಿರುವ ಎರಡನೇ ಹೆಸರಿಗೆ ಮತ ಕೊಡುತ್ತ ಹೋಗುವುದು. ಚಿಕ್ಕ ಸಮುದಾಯಕ್ಕೆ ಇದು ತುಂಬಾ ಒಳ್ಳೆಯದು. ನೇರ ಮತದಲ್ಲಿ ಸೋತವರು ಮುನಿಸಿಕೊಂಡು ಹೊರಟು ಹೋಗುತ್ತಾರೆ. ಇದರಲ್ಲಿ ನನ್ನ ಎರಡನೇ ಮತಕ್ಕೂ ಬೆಲೆ ಬಂತಲ್ಲ ಅಂತ ಉಳಿದುಕೊಳ್ಳುತ್ತಾರೆ. ಕೋರಂ ವಿಷಯವನ್ನೂ ಹೇಳಬೇಕು. ಮೊದಲು ಅರ್ಧ ಸದಸ್ಯರು ಇರಲೇಬೇಕು ಅಂತ ಬರೆದಿತ್ತು. ಪರೀಕ್ಷೆಯ ತಿಂಗಳು, ನಾಟಿಯ ತಿಂಗಳು ಬಂದರೆ ಸಭೆಯೇ ಇಲ್ಲ. ನಮ್ಮ ಲೋಕಸಭೆಗೆ ಹತ್ತರಲ್ಲಿ ಒಂದು ಪಾಲು ಸಾಕು. ನಾವು ಐದರಲ್ಲಿ ಒಂದಕ್ಕೆ ಇಳಿಸಿದೆವು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ದ್ವೀಪದಲ್ಲಿ ಮಳೆ ಎಷ್ಟು ಬಂತು ಅಂತ ಹೇಳುವವರು ಯಾರು? ದಾಳ ಹಾಕೋಣ ಅಂದರು. ದಾಳ ಹಾಕುವವನ ಮೇಲೆ ಅನುಮಾನ ಬರುತ್ತದೆ. ಕೊನೆಗೆ ಮದ್ದೂರಿನ ಹುಡುಗ ಒಂದು ದಾರಿ ಹೇಳಿದ. ನಮ್ಮ ಕಡೆ ಪೇಪರಿನಲ್ಲಿ ದಿನಾ ಕನ್ನಂಬಾಡಿ ಕಟ್ಟೆಯ (ಕೆಆರ್‌ಎಸ್) ನೀರಿನ ಮಟ್ಟ ಬರುತ್ತದೆ. ಗರಿಷ್ಠ 124.80 ಅಡಿ, ಇವತ್ತು ಇಷ್ಟು, ಹೋದ ವರ್ಷ ಇದೇ ದಿನ ಇಷ್ಟು. ತಿಂಗಳ ಕೊನೆಯ ದಿನದ ಮಟ್ಟ ಹೋದ ವರ್ಷದ ಅದೇ ದಿನಕ್ಕಿಂತ ಎಷ್ಟು ಕಮ್ಮಿಯೋ, ಬಿಳಿಹೊಳೆಯಲ್ಲೂ ಅದೇ ಲೆಕ್ಕದಲ್ಲಿ ನೀರು ಕಮ್ಮಿ. ಜಾಸ್ತಿ ಇದ್ದರೆ ಪೂರ್ತಿ ನೀರು. ಇದನ್ನು ಯಾರೂ ತಿರುಚಲು ಆಗುವುದಿಲ್ಲ. ಎಲ್ಲರೂ ಒಪ್ಪಿದರು. ಮಂಡ್ಯದ ಮನೆಗಳಲ್ಲಿ ಬೆಳಗ್ಗೆ ಪೇಪರ್ ತೆಗೆದರೆ ಮೊದಲು ನೋಡುವುದೇ ಆ ಅಂಕಿ ಅಲ್ವಾ?

2021ರಲ್ಲೂ 2022ರಲ್ಲೂ ಕಟ್ಟೆ ತುಂಬಿತ್ತು. ಆ ಸಮೃದ್ಧಿಯಲ್ಲಿ ಸಭೆ ನೀರಿನ ಕಾಯ್ದೆ ಮಾಡಿತು. ಬಿಳಿಹೊಳೆಯ ನೀರು ವರ್ಷಕ್ಕೆ 12 ಟಿಎಂಸಿ. ಅದರಲ್ಲಿ 8 ಮೂಡುಸೀಮೆಗೆ, 4 ಪಡುಸೀಮೆಗೆ. ಮೂಡುಸೀಮೆಯ ಹೋಬಳಿಗಳವರು ಖುಷಿಯಿಂದ ನಾಲೆ ಎಳೆದರು, ಕಬ್ಬು ಹಾಕಿದರು, ಸಕ್ಕರೆ ಕಾರ್ಖಾನೆ ಕಟ್ಟಿದರು. ಮಂಡ್ಯದಲ್ಲಿ 1933ರಲ್ಲಿ ಮೈಷುಗರ್ ಶುರುವಾದ ಕಥೆಯನ್ನು ಓದಿಕೊಂಡೇ ಅದರ ವಿವರ ಬರೆದಿದ್ದರು. ಗಾಣ, ಆಲೆಮನೆ, ಕಾರ್ಖಾನೆಗೆ ಸಾಲು ನಿಂತ ಗಾಡಿಗಳು, ಎಲ್ಲ ಇತ್ತು. ಓದಿದರೆ ಬೆಲ್ಲದ ವಾಸನೆ ಬರುವ ಹಾಗಿತ್ತು.

2023ರ ಮುಂಗಾರು ಕೈಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ಕಟ್ಟೆಯ ಮಟ್ಟ ನೂರು ಅಡಿಗಿಂತ ಕೆಳಗಿಳಿಯಿತು. ಹಿಂದಿನ ವರ್ಷ ಅದೇ ಹೊತ್ತಿಗೆ ಕಟ್ಟೆ ತುಂಬಿ ನಿಂತಿತ್ತು. ಮಂಡ್ಯದಲ್ಲಿ ರಸ್ತೆ ತಡೆ, ಬಂದ್. ಸೆಪ್ಟೆಂಬರ್ 29ಕ್ಕೆ ಕರ್ನಾಟಕ ಬಂದ್. ನಮ್ಮಲ್ಲಿ ಕೆಲವರು ಹಗಲು ಆ ಪ್ರತಿಭಟನೆಗೆ ಹೋಗಿ, ರಾತ್ರಿ ಕಡಲಸೀಮೆಯ ಸಭೆಯಲ್ಲಿ ಕೂರುತ್ತಿದ್ದರು. ಇಲ್ಲಿ ಒಂದು ತಿಂಗಳು ಅಲ್ಲಿ ಒಂದು ವರ್ಷವಾದ್ದರಿಂದ ದ್ವೀಪದಲ್ಲಿ ಬರದ ಮೇಲೆ ಬರ ಬಂತು. 12 ಟಿಎಂಸಿಯ ಜಾಗದಲ್ಲಿ ಹತ್ತೂ ಇಲ್ಲ. ಕಾಯ್ದೆಯಲ್ಲಿ 8 ಮತ್ತು 4 ಅಂತ ಇದೆಯೇ ಹೊರತು, ಕಮ್ಮಿ ಬಂದರೆ ಹೇಗೆ ಅಂತ ಒಂದು ಸಾಲೂ ಇಲ್ಲ. ಕಾವೇರಿ ವಿಷಯದಲ್ಲಿ ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಕರ್ನಾಟಕಕ್ಕೆ 284.75 ಟಿಎಂಸಿ ಅಂತ ಹೇಳಿತು. ಮಳೆ ಇದ್ದ ವರ್ಷ ಆ ಅಂಕಿಯ ಬಗ್ಗೆ ಯಾರೂ ಮಾತಾಡುವುದಿಲ್ಲ. ಮಳೆ ಇಲ್ಲದ ವರ್ಷ ಸಂಕಷ್ಟ ಸೂತ್ರ, ಅಂದರೆ ಕಮ್ಮಿ ನೀರನ್ನು ಹಂಚಿಕೊಳ್ಳುವ ಲೆಕ್ಕ, ಬೇಕು ಅನ್ನುವ ಕೂಗು ಏಳುತ್ತದೆ. ಆ ಕೂಗು ಕೇಳುತ್ತಲೇ ಬೆಳೆದ ನಮ್ಮ ಸಭೆಯೂ ತುಂಬಿದ ಕಟ್ಟೆ ನೋಡಿಕೊಂಡು ಕಾಯ್ದೆ ಬರೆದಿತ್ತು.

ಮೂಡುಸೀಮೆಯವರು ನಮ್ಮ 8 ನಮಗೆ ಕೊಡಿ ಅಂದರು. ಪಡುಸೀಮೆಯವರು ಕುಡಿಯಲು ನಮಗೇ ಇಲ್ಲ ಅಂತ ಗೇಟು ಹಾಕಿದರು. ಸಭೆಯಲ್ಲಿ ನಡೆದ ಮಾತು ಆಟದ ಮಾತಾಗಿರಲಿಲ್ಲ. ಗಂಟಲು ಕಟ್ಟಿ ಮಾತಾಡಿದವರಿದ್ದಾರೆ. ಕೆಲವರು ಪೌರತ್ವ ಬಿಟ್ಟು ಹೋದರು.

ಆಗ ಮೇಲ್ಕಣಿವೆ ಹೋಬಳಿಯ ಸದಸ್ಯರೊಬ್ಬರು ತಮ್ಮ ಹೋಬಳಿಯ ಪುಟದಲ್ಲಿ ಒಂದು ಕಟ್ಟೆಯನ್ನು ಸೇರಿಸಿದರು. ಈಗ ಕಟ್ಟುತ್ತೇವೆ ಅಂತಲ್ಲ. ಇಪ್ಪತ್ತು ವರ್ಷದ ಹಿಂದೆಯೇ ಕಟ್ಟಿದ್ದು, ಅದರಲ್ಲಿ ನೀರೂ ತುಂಬಿದೆ, ಆ ನೀರು ಬಿಳಿಹೊಳೆಯ ಲೆಕ್ಕಕ್ಕೆ ಬರುವುದಿಲ್ಲ ಅಂತ. ಹಳೆ ಪುಟದ ಬದಲಾವಣೆಯ ಚರಿತ್ರೆ ತೆಗೆದರೆ ಅದು ಹಿಂದಿನ ರಾತ್ರಿ ಸೇರಿದ್ದು ಅಂತ ಎಲ್ಲರಿಗೂ ಕಂಡಿತು. ಮೋಸ ಅಂತ ಕೂಗೆದ್ದಿತು.

ಅವರು ಕೊಟ್ಟ ಉತ್ತರ ಇವತ್ತಿಗೂ ನನ್ನ ತಲೆಯಲ್ಲಿದೆ. "ನಾನು ಯಾವುದನ್ನೂ ಅಳಿಸಿಲ್ಲ. ಅಲ್ಲಿ ಕಟ್ಟೆ ಇಲ್ಲ ಅಂತ ಯಾರು ಬರೆದಿದ್ದರು? ನಿಮ್ಮ ಸಕ್ಕರೆ ಕಾರ್ಖಾನೆಗೆ ಐವತ್ತು ವರ್ಷದ ಚರಿತ್ರೆ ಬರೆದಿರಲ್ಲ, ಅದು ನಡೆದಿತ್ತಾ?"

ಅವರ ಮಾತಿನಲ್ಲಿ ಸತ್ಯ ಇತ್ತು. ಕಟ್ಟುಕಥೆಯ ದೇಶದಲ್ಲಿ ಹಿಂದಿನದನ್ನೆಲ್ಲ ಇವತ್ತೇ ಬರೆಯಬೇಕು. ನಾವೆಲ್ಲ ಅದನ್ನೇ ಮಾಡುತ್ತಿದ್ದೆವು. ಬರೆದದ್ದನ್ನು ತಿದ್ದಬಾರದು ಅಂತ ನಿಯಮ ಮಾಡುವುದು ಸುಲಭ. ಬರೆಯದೆ ಬಿಟ್ಟ ಜಾಗವನ್ನು ಯಾರು ತುಂಬಬೇಕು, ಯಾವಾಗ ತುಂಬಬೇಕು? ನಿಜವಾದ ದೇಶದಲ್ಲಿ ಆಳುವವರ ಕೈಯಲ್ಲಿ ಪೊಲೀಸು, ತೆರಿಗೆ ಎಲ್ಲ ಇರುತ್ತದೆ. ಇಲ್ಲಿ ಅದ್ಯಾವುದೂ ಇಲ್ಲ. ಇಲ್ಲಿರುವ ಒಂದೇ ಅಧಿಕಾರ, ಹೀಗೆ ನಡೆಯಿತು ಅಂತ ಹೇಳುವ ಅಧಿಕಾರ. ಅದನ್ನು ನಾವು ಎಲ್ಲರ ಕೈಗೂ ಬಿಟ್ಟಿದ್ದೆವು. ಇಷ್ಟು ದಿನ ಯಾರಿಗೂ ಅದರ ಭಾರ ಗೊತ್ತಾಗಿರಲಿಲ್ಲ, ಯಾಕೆಂದರೆ ಹಂಚಿಕೊಳ್ಳುವ ವಸ್ತು ಕಮ್ಮಿ ಬಿದ್ದಿರಲಿಲ್ಲ.

ಮೇಷ್ಟ್ರು ಒಂದು ಧ್ವನಿಸಭೆ ಕರೆದರು. ಬೈಗುಳಕ್ಕೆ ಅವಕಾಶ ಕೊಡಲಿಲ್ಲ. "ಕಟ್ಟೆ ಇರ್ಲಿ ಕಣಪ್ಪ. ನಾನು ಬೇಡ ಅನ್ನಲ್ಲ. ಆದ್ರೆ ಅದಕ್ಕೆ ನೀರು ಎಲ್ಲಿಂದ ಬಂತು ಹೇಳು" ಅಂದರು. ನಕ್ಷೆ ತೆಗೆಯಲು ನನಗೆ ಹೇಳಿದರು. ಎತ್ತರದ ಗೆರೆ ಹಿಡಿದು ನೋಡಿದರೆ ಆ ಕಟ್ಟೆಗೆ ನೀರು ಬರುವ ಗುಡ್ಡಗಳೂ ಬಿಳಿಹೊಳೆಗೆ ನೀರು ಕೊಡುವ ಗುಡ್ಡಗಳೂ ಒಂದೇ. ಮೇಲೆ ಹಿಡಿದಿಟ್ಟ ನೀರು ಕೆಳಗೆ ಬರಬೇಕಾದ ನೀರೇ. ಹೊಸ ನೀರು ಒಂದು ಹನಿಯೂ ಇಲ್ಲ. ಮದ್ದೂರಿನ ಹುಡುಗ, "ಹಂಗಾದ್ರೆ ಕಟ್ಟೆ ಐತೆ ಅಂತ್ಲೇ ಬರ್ಕೊಳಿ, ಒಳಗಿರೋ ನೀರ್ನ ಒಟ್ಟು ಲೆಕ್ಕಕ್ಕೆ ಸೇರ್ಸಿ" ಅಂದ. ಕಟ್ಟೆ ಉಳಿಯಿತು. ಅದರ ನೀರು ಎಲ್ಲರದಾಯಿತು. ಮೇಲ್ಕಣಿವೆಯವರೂ ಒಪ್ಪಿದರು. ಅವರು ಈಗಲೂ ನಮ್ಮ ಜೊತೆ ಇದ್ದಾರೆ, ಸಭೆಯಲ್ಲಿ ತುಂಬಾ ಚೆನ್ನಾಗಿ ಮಾತಾಡುತ್ತಾರೆ.

ಆಮೇಲೆ ಎರಡು ಕಾಯ್ದೆ ಬಂದವು. ಒಂದು ನಮ್ಮ ಸಂಕಷ್ಟ ಸೂತ್ರ. ಪಾಲು ಈಗ ಟಿಎಂಸಿಯಲ್ಲಿ ಇಲ್ಲ. ಬಂದ ನೀರಿನಲ್ಲಿ ಮೊದಲು ಎರಡೂ ಸೀಮೆಯ ಕುಡಿಯುವ ನೀರು. ಉಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ಮೂಡುಸೀಮೆಗೆ, ಒಂದು ಪಡುಸೀಮೆಗೆ. ಕಮ್ಮಿಯಾದರೆ ಇಬ್ಬರಿಗೂ ಅದೇ ಲೆಕ್ಕದಲ್ಲಿ ಕಮ್ಮಿ. ನಿಂತ ಬೆಳೆಗೆ ಮೊದಲು, ಹೊಸ ಕಬ್ಬಿಗೆ ಕೊನೆಗೆ. ನಾಲೆಗೆ ಕಟ್ಟು ಪದ್ಧತಿಯಲ್ಲೇ ನೀರು, ಒಂದಷ್ಟು ದಿನ ಬಿಟ್ಟು ಒಂದಷ್ಟು ದಿನ ನಿಲ್ಲಿಸುವುದು. ಗೇಟು ನೋಡಿಕೊಳ್ಳಲು ನೀರಗಂಟಿ. ಪಡುಸೀಮೆಯ ನೀರಗಂಟಿ ಮೂಡುಸೀಮೆಯವರು, ಮೂಡುಸೀಮೆಯ ನೀರಗಂಟಿ ಪಡುಸೀಮೆಯವರು. ಇದು ಕುವೆಂಪುನಗರದ ಅಕ್ಕ ಕೊಟ್ಟ ಸಲಹೆ. ಆ ಒಂದು ಸಾಲಿನಿಂದ ಅರ್ಧ ಅನುಮಾನ ಹೋಯಿತು.

ಎರಡನೆಯದು ಶಾನುಭೋಗರ ಕಾಯ್ದೆ. ನನ್ನ ಪ್ರಕಾರ ಕಡಲಸೀಮೆ ಉಳಿದದ್ದು ಇದರಿಂದ. ಮೇಷ್ಟ್ರು ಅರ್ಥಶಾಸ್ತ್ರಕ್ಕೆ ಮತ್ತೆ ಹೋದರು. ಏಳು ಅಂಗದಲ್ಲಿ ದಫ್ತರ ಇಲ್ಲ. ಆದರೆ ಮುಂದೆ ಅಕ್ಷಪಟಲ ಎಂಬ ಒಂದು ಕಚೇರಿಯ ಬಗ್ಗೆ ಒಂದು ಅಧ್ಯಾಯವೇ ಇದೆ, ಲೆಕ್ಕ ಮತ್ತು ದಾಖಲೆಗಳನ್ನು ಕಾಯುವ ಕಚೇರಿ. ನಮ್ಮ ಹಳ್ಳಿಗಳಲ್ಲಿ ಆ ಕೆಲಸ ಶಾನುಭೋಗರದ್ದು. ಹಿಂದೆ ಅದು ಮನೆತನದಿಂದ ಬರುತ್ತಿತ್ತು. ಪುಸ್ತಕ ಯಾರ ಮನೆಯಲ್ಲಿತ್ತೋ ಊರೂ ಅವರ ಕೈಯಲ್ಲಿತ್ತು ಅನ್ನುವುದನ್ನು ನಮ್ಮ ಅಜ್ಜಿಯರು ಹೇಳುತ್ತಿದ್ದರು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ 1961ರಲ್ಲಿ ಬಂತು. ಹಾಗಾಗಿ ನಮ್ಮ ಶಾನುಭೋಗರನ್ನು ಸಭೆ ಆರಿಸುತ್ತದೆ, ದ್ವೀಪದ ಆರು ವರ್ಷಕ್ಕೆ ಮಾತ್ರ. ಅವರಿಗೆ ಸಭೆಯಲ್ಲಿ ಮತ ಇಲ್ಲ, ಹೋಬಳಿ ಇಲ್ಲ. ಬರೆದದ್ದನ್ನು ಯಾರೂ ತಿದ್ದುವ ಹಾಗಿಲ್ಲ. ತಪ್ಪಿದ್ದರೆ ಕೆಳಗೆ ಹೊಸ ಸಾಲು ಸೇರಿಸಬೇಕು, ಹಳೆ ಸಾಲು ಹಾಗೇ ಇರಬೇಕು. ಬಿಟ್ಟ ಜಾಗವನ್ನು ಯಾರು ಬೇಕಾದರೂ ತುಂಬಬಹುದು, ಆದರೆ ಆ ಜಾಗ ಈಗ ನಡೆಯುತ್ತಿರುವ ಯಾವುದಾದರೂ ಜಗಳಕ್ಕೆ ತಾಗುತ್ತದೆ ಅಂತ ಶಾನುಭೋಗರಿಗೆ ಕಂಡರೆ, ಜಗಳ ತೀರುವವರೆಗೆ ಅದು ಖಾಲಿಯಾಗೇ ಇರಬೇಕು. ಪಾಲು ಇರುವವರು ಚರಿತ್ರೆ ಬರೆಯಬಾರದು.

ಇದರಿಂದ ಕಥೆ ಒಣಗುತ್ತದೆ ಅಂತ ಹೆದರಿದವರಿದ್ದರು. ಆದದ್ದು ಬೇರೆ. ತಿದ್ದಲು ಆಗುವುದಿಲ್ಲ ಅಂತ ಗೊತ್ತಾದ ಮೇಲೆ ಜನ ಯೋಚಿಸಿ ಬರೆಯತೊಡಗಿದರು. ಬರದ ವರ್ಷಗಳ ಬಗ್ಗೆ ಹೋಬಳಿಗಳಿಂದ ಬಂದ ಬರಹಗಳು ನಮ್ಮಲ್ಲಿರುವ ಅತ್ಯಂತ ಒಳ್ಳೆಯ ಬರಹಗಳು. ಒಣಗಿದ ನಾಲೆಯ ಪಕ್ಕದ ಶಾಲೆಯ ಹಾಜರಿ ಪುಸ್ತಕ, ಕಬ್ಬು ಬಿಟ್ಟು ರಾಗಿಗೆ ಹೋದ ಮನೆಯ ಲೆಕ್ಕ, ಗೇಟಿನ ನೀರಗಂಟಿಯ ದಿನಚರಿ. 2024ರ ಜುಲೈ ಕೊನೆಗೆ ಕನ್ನಂಬಾಡಿ ಕಟ್ಟೆ ತುಂಬಿದಾಗ ದ್ವೀಪದಲ್ಲೂ ಬಿಳಿಹೊಳೆ ತುಂಬಿ ಹರಿಯಿತು. ಬಿಟ್ಟು ಹೋದವರಲ್ಲಿ ಕೆಲವರು ಬಾಗಿನ ಕೊಡಲು ವಾಪಸ್ ಬಂದರು, ಹಾಗೇ ಉಳಿದರು.

ನನ್ನ ಬಗ್ಗೆ ಒಂದು ವಿಷಯ ಬಾಕಿ ಇದೆ. ಡಿಸ್ಕಾರ್ಡ್ ಸರ್ವರ್ ಮೊದಲಿಂದ ನನ್ನ ಹೆಸರಿನಲ್ಲಿತ್ತು. ಸಂವಿಧಾನದಲ್ಲಿ ಪ್ರಜೆಗಳೇ ದೊರೆಗಳು ಅಂತ ಇದೆ. ಆದರೆ ನಾನೊಂದು ಗುಂಡಿ ಒತ್ತಿದರೆ ಇಡೀ ದೇಶ ಅಳಿಸಿಹೋಗುತ್ತದೆ. ಲಾ ಓದಿದ ಹುಡುಗಿ ಈಗ ವಕೀಲೆ. ಅವಳು ಇದನ್ನು ಸಭೆಯಲ್ಲೇ ಎತ್ತಿದಳು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾ ಪ್ರತಿನಿಧಿ ಸಭೆ ಕರೆದಾಗ ಸದಸ್ಯರು ಅಹವಾಲು ಹೇಳಬಹುದಿತ್ತು, ಕಾಯ್ದೆ ಮಾಡುವ ಅಧಿಕಾರ ಇರಲಿಲ್ಲ. ನ್ಯಾಯ ವಿಧಾಯಕ ಸಭೆ ಬಂದದ್ದು 1907ರಲ್ಲಿ. ಜವಾಬ್ದಾರಿ ಸರ್ಕಾರ ಬರಲು 1947ರ ಅಕ್ಟೋಬರ್‌ವರೆಗೆ, ಮೈಸೂರು ಚಲೋ ಚಳವಳಿವರೆಗೆ ಕಾಯಬೇಕಾಯಿತು. "ಅಣ್ಣ, ನೀವು ಒಳ್ಳೆಯವರೇ. ಆದ್ರೆ ನಾವಿನ್ನೂ 1881ರಲ್ಲೇ ಇದ್ದೀವಿ" ಅಂದಳು. ಅವಳ ಮಾತು ಸರಿ ಇತ್ತು. ನಾನು ಒಳ್ಳೆಯವನಾಗಿ ಇರುವುದರ ಮೇಲೆ ಒಂದು ದೇಶ ನಿಂತಿರಬಾರದು.

ಸರ್ವರಿನ ಮಾಲೀಕತ್ವವನ್ನು ಒಂದು ಖಾತೆಗೆ ಮಾತ್ರ ಕೊಡಬಹುದು. ಹಾಗಾಗಿ ದೇಶದ ಹೆಸರಿನಲ್ಲೇ ಒಂದು ಖಾತೆ ತೆರೆದೆವು. ಬ್ಯಾಂಕ್ ಲಾಕರಿನ ಹಾಗೆ ಅದಕ್ಕೆ ಎರಡು ಕೀಲಿ. ಪಾಸ್‌ವರ್ಡ್ ಶಾನುಭೋಗರ ಹತ್ತಿರ, ಎರಡನೇ ಹಂತದ ಕೋಡ್ ಬರುವ ಫೋನ್ ಸಭಾಪತಿಯ ಹತ್ತಿರ. ಪ್ರತಿ ತಿಂಗಳ ನಡಾವಳಿಯನ್ನು ಇಳಿಸಿಕೊಂಡು ಬೇರೆ ಬೇರೆ ಊರಿನ ಮೂವರ ಹತ್ತಿರ ಪ್ರತಿ ಇಡುತ್ತೇವೆ. ಒಂದು ಪ್ರತಿಯನ್ನು ಮೇಷ್ಟ್ರು ಕಾಗದದ ಮೇಲೆ ಮುದ್ರಿಸಿ ದಾರ ಹಾಕಿ ಹೊಲಿದು ಇಟ್ಟಿದ್ದಾರೆ. ನಾನು ಈಗ ಒಬ್ಬ ಸಾಮಾನ್ಯ ಸದಸ್ಯ, ನಕ್ಷೆ ಇಲಾಖೆಯವನು.

ಇಲಾಖೆಯಲ್ಲಿ ಕೆಲಸ ಬೇಕಾದಷ್ಟಿದೆ. ಮೂಡುಸೀಮೆಯವರು ಎರಡನೇ ನಾಲೆಗೆ ಅರ್ಜಿ ಹಾಕಿದ್ದಾರೆ. ನಡುವೆ ಒಂದು ದಿಣ್ಣೆ ಅಡ್ಡ ಬರುತ್ತದೆ. ವಿಶ್ವೇಶ್ವರಯ್ಯ ನಾಲೆಗೆ ಹುಲಿಕೆರೆಯಲ್ಲಿ ಸುರಂಗ ಕೊರೆದ ಹಾಗೆ ಇಲ್ಲೂ ಕೊರೆಯಬೇಕಾಗಬಹುದು. ಬಳಸಿಕೊಂಡು ಹೋದರೆ ನಾಲೆ ಉದ್ದವಾಗುತ್ತದೆ, ದಾರಿಯಲ್ಲೇ ನೀರು ಇಂಗುತ್ತದೆ. ಯಾವುದು ವಾಸಿ ಅಂತ ಮುಂದಿನ ಅಧಿವೇಶನಕ್ಕೆ ವರದಿ ಕೊಡಬೇಕು. ಆ ದಿಣ್ಣೆಯ ಎತ್ತರ ನಡಾವಳಿಯಲ್ಲಿ ಎಲ್ಲೂ ದಾಖಲಾಗಿಲ್ಲ. ಅದು ಬಿಟ್ಟ ಜಾಗ. ನಾನು ತುಂಬುವ ಹಾಗಿಲ್ಲ, ನಾಲೆ ಬೇಕು ಅಂದವರೂ ಬೇಡ ಅಂದವರೂ ತುಂಬುವ ಹಾಗಿಲ್ಲ. ಎರಡೂ ಸೀಮೆಗೆ ಸೇರದ, ಹೊಸದಾಗಿ ಬಂದ ಒಬ್ಬ ಪ್ರಜೆಯಿಂದ ಅಳತೆ ಮಾಡಿಸಿ ಅಂತ ಶಾನುಭೋಗರಿಗೆ ಬರೆದಿದ್ದೇನೆ.